ಪದ ಪರಿಚಯ: ಬ್ರೌಸರ್ ಎಕ್ಸ್‌ಟೆನ್ಷನ್

ತುಮಕೂರಿನ ಬಿ.ಎಚ್. ರಸ್ತೆಯ ಯಾವುದಾದರೂ ಸೈಬರ್ ಸೆಂಟರ್‌ನಲ್ಲಿ ಕೂತು ಕ್ರೋಮ್ ತೆರೆದರೆ, ಮೇಲೆ ಬಲಮೂಲೆಯಲ್ಲಿ ಪುಟ್ಟ ಚಿತ್ರಗಳ ಸಾಲೊಂದು ಕಾಣುವುದುಂಟು. ಡೌನ್‌ಲೋಡ್ ಮಾಡಲು ಐಡಿಎಂನದು ಒಂದು, ಪಿಡಿಎಫ್‌ನದು ಒಂದು, ಆಂಟಿವೈರಸ್ ಜೊತೆ ಕೇಳದೆಯೇ ಬಂದು ಕೂತದ್ದು ಒಂದು, ಯಾರು ಯಾವಾಗ ಹಾಕಿದರೋ ಅಂಗಡಿಯವರಿಗೂ ನೆನಪಿಲ್ಲದವು ಎರಡು ಮೂರು. ಇವೇ ಬ್ರೌಸರ್ ಎಕ್ಸ್‌ಟೆನ್ಷನ್‌ಗಳು. ಫೈರ್‌ಫಾಕ್ಸ್‌ನವರು ಆಡ್-ಆನ್ ಎಂದು ಕರೆಯುವುದೂ ಇದನ್ನೇ.

ಬ್ರೌಸರ್‌ಗೆ ತಾನಾಗಿ ಬಾರದ ಒಂದು ಕೆಲಸವನ್ನು ಅದರ ಒಳಗೇ ಕೂತು ಮಾಡಿಕೊಡುವ ಸಣ್ಣ ಪ್ರೋಗ್ರಾಂಗೆ ಎಕ್ಸ್‌ಟೆನ್ಷನ್ ಎನ್ನುತ್ತಾರೆ. ಜಾಹೀರಾತು ತಡೆಯುವುದು, ಪಾಸ್‌ವರ್ಡ್ ತುಂಬುವುದು, ಪುಟದ ಬಣ್ಣ ಬದಲಿಸುವುದು, ಸೈಟ್ ಎಷ್ಟು ನಿಧಾನವಿದೆ ಎಂದು ಅಳೆಯುವುದು ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಒಳಗೇ ಕೂರುವುದರಿಂದ ನಾವು ನೋಡುವ ಪುಟವನ್ನು ಅದೂ ನೋಡಬಲ್ಲದು, ನಾವು ಟೈಪ್ ಮಾಡಿದ್ದನ್ನು ಅದೂ ಓದಬಲ್ಲದು. ಉಪಯೋಗವೂ ಅಪಾಯವೂ ಹುಟ್ಟುವುದು ಇಲ್ಲಿಂದಲೇ. ಹಾಗಾಗಿ ಒಂದು ಎಕ್ಸ್‌ಟೆನ್ಷನ್ ಏನು ಮಾಡಿಕೊಡುತ್ತದೆ ಎನ್ನುವುದಕ್ಕಿಂತ ಮೊದಲು, ಅದು ಯಾವ ಅನುಮತಿ ಕೇಳುತ್ತದೆ ಎಂದು ನೋಡಬೇಕು ಎನ್ನುವವನು ನಾನು.

ಇದರ ಹೊಟ್ಟೆಯೊಳಗೆ ಇರುವುದು ವೆಬ್‌ಸೈಟ್ ಕಟ್ಟಲು ಬಳಸುವ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಫೈಲುಗಳೇ. ಜೊತೆಗೆ ಮ್ಯಾನಿಫೆಸ್ಟ್ ಎಂಬ ಒಂದು ಫೈಲ್ ಕಡ್ಡಾಯವಾಗಿ ಇರಬೇಕು. ಹೆಸರೇನು, ಆವೃತ್ತಿ ಎಷ್ಟು, ಯಾವ ಯಾವ ಸೈಟುಗಳಲ್ಲಿ ಕೆಲಸ ಮಾಡುತ್ತೇನೆ, ಏನೇನು ಅನುಮತಿ ಬೇಕು ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಇನ್‌ಸ್ಟಾಲ್ ಮಾಡುವಾಗ ಬ್ರೌಸರ್ ತೋರಿಸುವ ಎಚ್ಚರಿಕೆ ಈ ಫೈಲನ್ನು ಓದಿಯೇ ತಯಾರಾಗುವುದು. ಉಳಿದ ಕೋಡ್‌ನಲ್ಲಿ ಒಂದು ಭಾಗ ಹಿನ್ನೆಲೆಯಲ್ಲಿ ಕಾಯುತ್ತಿರುತ್ತದೆ, ಇನ್ನೊಂದು ಭಾಗ ನಾವು ತೆರೆದ ಪುಟದೊಳಕ್ಕೇ ಇಳಿದು ಅದನ್ನು ತಿದ್ದುತ್ತದೆ.

ತಿದ್ದುವುದು ಎಂದರೆ ಏನು ಎಂಬುದಕ್ಕೆ ಕನ್ನಡ ಓದುವವರಿಗೆ ತಕ್ಕ ಉದಾಹರಣೆ ಕೊಡುತ್ತೇನೆ. ಎಷ್ಟೋ ಸೈಟುಗಳಲ್ಲಿ ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಇಟ್ಟಿರುತ್ತಾರೆ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ‘ರಾಷ್ಟ್ರ’ ಎಂಬ ಪದದ ಬಾಲ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ, ಬಟನ್ ಮೇಲಿನ ಪದವಾದರೆ ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ. ಸ್ಟೈಲಸ್ ಎಂಬ ಎಕ್ಸ್‌ಟೆನ್ಷನ್ ಹಾಕಿಕೊಂಡು, ಆ ಸೈಟಿಗೆ ಮಾತ್ರ ಅನ್ವಯವಾಗುವಂತೆ ಫಾಂಟ್ ನೋಟೋ ಸ್ಯಾನ್ಸ್ ಕನ್ನಡ, ಲೈನ್-ಹೈಟ್ 1.8 ಎಂದು ಎರಡು ಸಾಲು ಬರೆದಿಟ್ಟರೆ, ಮುಂದೆ ಆ ಸೈಟ್ ತೆರೆದಾಗಲೆಲ್ಲ ನಿಮ್ಮ ಪರದೆಯಲ್ಲಿ ಅಕ್ಷರಗಳು ಉಸಿರಾಡುವಷ್ಟು ಜಾಗ ಸಿಗುತ್ತದೆ. ಸೈಟಿನವರಿಗೆ ಇದರ ಸುಳಿವೂ ಇರುವುದಿಲ್ಲ, ಬೇರೆ ಓದುಗರಿಗೆ ಪುಟ ಮೊದಲಿನಂತೆಯೇ ಇರುತ್ತದೆ. ಬದಲಾಗುವುದು ನಿಮ್ಮ ಕಂಪ್ಯೂಟರಿಗೆ ಬಂದಿಳಿದ ಪ್ರತಿ ಮಾತ್ರ.

ಪ್ಲಗ್-ಇನ್ ಬೇರೆ ವಿಷಯ. ಫ್ಲ್ಯಾಶ್, ಜಾವಾ ಮುಂತಾದವು ಬ್ರೌಸರ್‌ಗೆ ಹೊರಗಿನಿಂದ ಜೋಡಿಸುತ್ತಿದ್ದ ಪ್ರತ್ಯೇಕ ಸಾಫ್ಟ್‌ವೇರ್‌ಗಳು. 2020ರ ಕೊನೆಗೆ ಫ್ಲ್ಯಾಶ್ ನಿಂತಿತು, ಅಲ್ಲಿಗೆ ಆ ಅಧ್ಯಾಯ ಬಹುಮಟ್ಟಿಗೆ ಮುಗಿಯಿತು. ಎಕ್ಸ್‌ಟೆನ್ಷನ್‌ಗಳನ್ನು ಮನೆಮಾತು ಮಾಡಿದ್ದು 2004ರಲ್ಲಿ ಬಂದ ಫೈರ್‌ಫಾಕ್ಸ್. ಕ್ರೋಮ್‌ಗೆ ಅವು ಬಂದದ್ದು 2010ರ ಆರಂಭದಲ್ಲಿ. ಈಗ ಎಡ್ಜ್, ಬ್ರೇವ್, ಒಪೆರಾ ಎಲ್ಲವೂ ಕ್ರೋಮ್‌ನ ತಳಹದಿಯ ಮೇಲೇ ನಿಂತಿರುವುದರಿಂದ ಕ್ರೋಮ್‌ಗೆ ಬರೆದದ್ದು ಹೆಚ್ಚುಕಡಿಮೆ ಎಲ್ಲದರಲ್ಲೂ ನಡೆಯುತ್ತದೆ.

ಇನ್ನು ಅನುಮತಿಯ ವಿಷಯ. ‘ಆ್ಯಡ್ ಟು ಕ್ರೋಮ್’ ಒತ್ತಿದಾಗ ಒಂದು ಪೆಟ್ಟಿಗೆ ತೆರೆಯುತ್ತದೆ. ಎಲ್ಲ ವೆಬ್‌ಸೈಟುಗಳಲ್ಲಿರುವ ನಿಮ್ಮ ಎಲ್ಲ ಮಾಹಿತಿಯನ್ನು ಓದಬಲ್ಲದು ಮತ್ತು ಬದಲಿಸಬಲ್ಲದು ಎಂದು ಇಂಗ್ಲಿಷಿನಲ್ಲಿ ಒಂದು ಸಾಲು. ಕೆಳಗಿನ ಬಟನ್ ಒತ್ತುವ ಆತುರದಲ್ಲಿ ಇದನ್ನು ಓದುವವರು ಕಡಿಮೆ. ಆ ಸಾಲಿಗೆ ಅಕ್ಷರಶಃ ಅರ್ಥವಿದೆ: ಬ್ಯಾಂಕಿನ ಪುಟ, ಜಿಮೇಲ್, ಆಧಾರ್, ಪಹಣಿ ತೆಗೆಯುವ ಭೂಮಿ ಪೋರ್ಟಲ್ ಎಲ್ಲವೂ ಅದರಲ್ಲಿ ಸೇರಿದವು. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಇಷ್ಟು ಕೇಳಿದರೆ ನ್ಯಾಯವಿದೆ, ಏಕೆಂದರೆ ಜಾಹೀರಾತು ಎಲ್ಲ ಕಡೆ ಇದೆ. ಹೊಸ ಟ್ಯಾಬ್‌ನಲ್ಲಿ ದೇವರ ಚಿತ್ರ ತೋರಿಸುವ ಎಕ್ಸ್‌ಟೆನ್ಷನ್‌ಗೆ ನಿಮ್ಮ ಬ್ಯಾಂಕಿನ ಪುಟ ಏಕೆ ಬೇಕು?

ನಮ್ಮ ಕಡೆ ಹುಣಸೆ ಫಸಲನ್ನು ಮರದಲ್ಲಿರುವಾಗಲೇ ಗುತ್ತಿಗೆ ಕೊಡುವುದುಂಟು. ಗುತ್ತಿಗೆದಾರ ಗುರುತಿನವನಾದ್ದರಿಂದ ಹೊಲಕ್ಕೆ ಯಾವಾಗ ಬಂದುಹೋದರೂ ಯಾರೂ ಕೇಳುವುದಿಲ್ಲ. ಅವನು ಆ ಗುತ್ತಿಗೆಯನ್ನು ಸದ್ದಿಲ್ಲದೆ ಇನ್ನೊಬ್ಬನಿಗೆ ಮಾರಿಕೊಂಡು, ಆ ಹೊಸಬ ಅದೇ ದಾರಿಯಲ್ಲಿ ಒಳಗೆ ಬಂದರೆ? ಎಕ್ಸ್‌ಟೆನ್ಷನ್‌ಗಳ ಲೋಕದಲ್ಲಿ ಆದದ್ದು ಇದೇ. ದಿ ಗ್ರೇಟ್ ಸಸ್ಪೆಂಡರ್ ಎಂಬುದು ಬಳಸದ ಟ್ಯಾಬ್‌ಗಳನ್ನು ಮಲಗಿಸಿ ಮೆಮೊರಿ ಉಳಿಸುತ್ತಿದ್ದ ಒಳ್ಳೆಯ ಎಕ್ಸ್‌ಟೆನ್ಷನ್. ಬಳಸುವವರು 20 ಲಕ್ಷದಷ್ಟಿದ್ದರು. 2020ರ ಜೂನ್‌ನಲ್ಲಿ ಮೂಲ ಮಾಲೀಕ ಅದನ್ನು ಮಾರಿದ. ಕೊಂಡವರು ಯಾರೆಂದು ಬಳಕೆದಾರರಿಗೆ ತಿಳಿಯಲಿಲ್ಲ. 2021ರ ಫೆಬ್ರವರಿಯಲ್ಲಿ ದುರುದ್ದೇಶದ ಕೋಡ್ ಇದೆ ಎಂದು ಗೂಗಲ್ ಅದನ್ನು ಕಿತ್ತುಹಾಕಿತು. ಮೇಲೆ ಹೇಳಿದ ಸ್ಟೈಲಸ್ ಹುಟ್ಟಿದ್ದಕ್ಕೂ ಇಂಥದೇ ಹಿನ್ನೆಲೆ. ಮೊದಲು ಇದ್ದದ್ದು ಸ್ಟೈಲಿಶ್. ಅದು ಕೈ ಬದಲಾದ ಮೇಲೆ, ಬಳಸುವವರು ಯಾವ ಯಾವ ಪುಟ ನೋಡಿದರು ಎಂಬ ಪಟ್ಟಿಯನ್ನು ಕಂಪನಿಗೆ ಕಳಿಸುತ್ತಿದೆ ಎಂಬುದು 2018ರಲ್ಲಿ ಬಯಲಾಯಿತು. ಫೈರ್‌ಫಾಕ್ಸ್, ಕ್ರೋಮ್ ಎರಡೂ ಅದನ್ನು ತೆಗೆದವು. ಹಳೆಯ ಕೋಡ್‌ನಿಂದಲೇ ಬೇರೆಯವರು ಕಟ್ಟಿದ್ದು ಸ್ಟೈಲಸ್. ಹೆಸರು ಒಂದೇ ಥರ ಇರುವುದರಿಂದ ಹುಡುಕುವಾಗ ಎರಡು ಸಲ ಓದಿ.

ಮಾಲೀಕ ಸಂಭಾವಿತನಾಗಿದ್ದರೂ ಸಾಲದು. 2024ರ ಡಿಸೆಂಬರ್‌ನಲ್ಲಿ ಸೈಬರ್‌ಹೇವನ್ ಎಂಬ ಭದ್ರತಾ ಕಂಪನಿಯ ಉದ್ಯೋಗಿಯೊಬ್ಬರು ಗೂಗಲ್ ಹೆಸರಲ್ಲಿ ಬಂದ ನಕಲಿ ಮೇಲ್ ನಂಬಿ ಅನುಮತಿ ಒತ್ತಿದರು. ಕ್ರಿಸ್‌ಮಸ್ ದಿನ ಕಂಪನಿಯ ಎಕ್ಸ್‌ಟೆನ್ಷನ್‌ಗೆ ವಿಷ ಬೆರೆತ ಅಪ್‌ಡೇಟ್ ಹೊರಟಿತು. ಸುಮಾರು ಒಂದು ದಿನ ಅದು ಜನರ ಬ್ರೌಸರ್‌ಗಳಿಗೆ ತಾನೇತಾನಾಗಿ ಇಳಿಯಿತು. ಅದರ ಕಣ್ಣಿದ್ದದ್ದು ಫೇಸ್‌ಬುಕ್ ಜಾಹೀರಾತು ಖಾತೆಗಳ ಮೇಲೆ. ಅಂಗಡಿಯ ಪುಟಕ್ಕೆ ದುಡ್ಡು ಹಾಕಿ ಬೂಸ್ಟ್ ಮಾಡುವವರು ಇದನ್ನು ಗಮನಿಸಬೇಕು. ನಾವು ಲಾಗಿನ್ ಆಗಿದ್ದೇವೆ ಎಂದು ಗುರುತಿಸಲು ಸೈಟ್ ನಮ್ಮ ಬ್ರೌಸರ್‌ನಲ್ಲಿ ಇಡುವ ಚೀಟಿಯಂಥ ಕುಕೀಯನ್ನೇ ಕದ್ದರೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ಹೊಸ ಆವೃತ್ತಿ ಹೆಚ್ಚಿನ ಅನುಮತಿ ಕೇಳಿದರೆ ಕ್ರೋಮ್ ಅದನ್ನು ನಿಲ್ಲಿಸಿ ನಿಮ್ಮನ್ನು ಕೇಳುತ್ತದೆ, ನಿಜ. ಆದರೆ ಮೊದಲೇ ‘ಎಲ್ಲ ಸೈಟು’ ಎಂದು ಕೊಟ್ಟಿದ್ದರೆ ಮತ್ತೆ ಕೇಳಲು ಏನು ಉಳಿದಿರುತ್ತದೆ!

ಇದಕ್ಕೆ ಇರುವ ಹಿಡಿತವೂ ಸುಲಭದ್ದೇ. ಕ್ರೋಮ್‌ನ ಮೇಲ್ಗಡೆ ಜಿಗ್‌ಸಾ ತುಂಡಿನ ಚಿತ್ರವಿದೆಯಲ್ಲ, ಅದರ ಮೂಲಕ ‘ಮ್ಯಾನೇಜ್ ಎಕ್ಸ್‌ಟೆನ್ಷನ್ಸ್’ಗೆ ಹೋಗಿ, ಒಂದೊಂದರ ಡೀಟೇಲ್ಸ್ ತೆರೆಯಿರಿ. ಸೈಟ್ ಆ್ಯಕ್ಸೆಸ್ ಎಂಬಲ್ಲಿ ಮೂರು ಆಯ್ಕೆಗಳು: ಒತ್ತಿದಾಗ ಮಾತ್ರ, ಹೇಳಿದ ಸೈಟುಗಳಲ್ಲಿ ಮಾತ್ರ, ಎಲ್ಲ ಸೈಟುಗಳಲ್ಲಿ. ಪುಟದ ಫೋಟೋ ತೆಗೆಯುವುದಕ್ಕೆ, ಬಣ್ಣದ ಸಂಖ್ಯೆ ತಿಳಿಯುವುದಕ್ಕೆ ಮೊದಲನೆಯದು ಧಾರಾಳವಾಗಿ ಸಾಕು.

ದಿನಬಳಕೆಗೆ ಏನೇನು ಬೇಕು ಎಂದು ಕೇಳಿದರೆ ನನ್ನ ಪಟ್ಟಿ ಚಿಕ್ಕದು. ಒಂದು, ಜಾಹೀರಾತು ತಡೆ. ಡೌನ್‌ಲೋಡ್ ಎಂದು ಬರೆದ ನಾಲ್ಕು ಹಸಿರು ಬಟನ್‌ಗಳಲ್ಲಿ ಮೂರು ಸುಳ್ಳಿರುವ ಪುಟಗಳಲ್ಲಿ, ನಮ್ಮ ಮನೆಯ ಹಿರಿಯರನ್ನು ಕಾಪಾಡುವುದು ಆಂಟಿವೈರಸ್‌ಗಿಂತ ಇದೇ. ರೇಮಂಡ್ ಹಿಲ್ ಬರೆದ ಯುಬ್ಲಾಕ್ ಒರಿಜಿನ್ ಇದರಲ್ಲಿ ಹೆಸರಾದದ್ದು. ಗೂಗಲ್ ಮ್ಯಾನಿಫೆಸ್ಟ್ ವಿ3 ಎಂಬ ಹೊಸ ನಿಯಮಾವಳಿ ತಂದು, 2025ರ ಹೊತ್ತಿಗೆ ಹಳೆಯ ಪದ್ಧತಿಯವನ್ನು ಕ್ರೋಮ್‌ನಲ್ಲಿ ನಿಲ್ಲಿಸಿತು. ಮೊದಲು, ಪುಟವೊಂದು ಚಿತ್ರ, ಜಾಹೀರಾತು ಮುಂತಾದವನ್ನು ತರಿಸಲು ಕಳಿಸುವ ಪ್ರತಿ ಕೋರಿಕೆಯನ್ನೂ ಎಕ್ಸ್‌ಟೆನ್ಷನ್ ತಾನೇ ತಡೆದು ನೋಡಬಹುದಿತ್ತು. ಈಗ ತಡೆಯಬೇಕಾದವುಗಳ ನಿಯಮಗಳನ್ನು ಮೊದಲೇ ಬ್ರೌಸರ್ ಕೈಗೆ ಕೊಡಬೇಕು. ಹೊರಗಿನ ಸರ್ವರ್‌ನಿಂದ ಕೋಡ್ ತಂದು ಓಡಿಸುವುದನ್ನು ನಿಷೇಧಿಸಿದ್ದು ಈ ನಿಯಮದ ಒಳ್ಳೆಯ ಭಾಗ, ತಡೆಯುವ ಶಕ್ತಿ ಕುಗ್ಗಿದ್ದು ಇನ್ನೊಂದು ಭಾಗ. ಹಾಗಾಗಿ ಕ್ರೋಮ್‌ನಲ್ಲಿ ಈಗ ಸಿಗುವುದು ಯುಬ್ಲಾಕ್ ಒರಿಜಿನ್ ಲೈಟ್. ಪೂರ್ಣ ರೂಪ ಬೇಕೆಂದರೆ ಫೈರ್‌ಫಾಕ್ಸ್‌ನಲ್ಲಿ ಸಿಗುತ್ತದೆ.

ಎರಡು, ಪಾಸ್‌ವರ್ಡ್ ಮ್ಯಾನೇಜರ್. ಬಿಟ್‌ವಾರ್ಡನ್‌ನಂಥದು ಪಾಸ್‌ವರ್ಡ್ ನೆನಪಿಡುವುದಷ್ಟೇ ಅಲ್ಲದೆ ವಿಳಾಸವನ್ನೂ ಹೋಲಿಸುತ್ತದೆ. ಸೇವಾ ಸಿಂಧುವಿನ ವಿಳಾಸ ಕರ್ನಾಟಕ ಡಾಟ್ ಗವ್ ಡಾಟ್ ಇನ್ ಎಂದು ಮುಗಿಯುತ್ತದೆ. ಅದೇ ಬಣ್ಣ, ಅದೇ ಲಾಂಛನ ಹಾಕಿಕೊಂಡ ನಕಲಿ ಪುಟ ನಮ್ಮ ಕಣ್ಣಿಗೆ ಮಣ್ಣೆರಚಬಹುದು, ಆದರೆ ವಿಳಾಸ ಹೊಂದದಿದ್ದರೆ ಮ್ಯಾನೇಜರ್ ಪಾಸ್‌ವರ್ಡ್ ಮುಂದಿಡುವುದೇ ಇಲ್ಲ. ಅದು ಸುಮ್ಮನೆ ಕೂತಿತೆಂದರೆ ನಾವೂ ಒಂದು ಕ್ಷಣ ಕೈ ತಡೆಯುವುದು ಒಳ್ಳೆಯದು. ಮೂರನೆಯದಾಗಿ ರಾತ್ರಿ ಓದುವವರಿಗೆ ಪುಟದ ಹಿನ್ನೆಲೆಯನ್ನು ಕಪ್ಪಾಗಿಸುವ ಡಾರ್ಕ್ ರೀಡರ್ ಎನ್ನಬಹುದು, ಅಷ್ಟೇ.

ಉಳಿದ ಹಲವಕ್ಕೆ ಈಗ ಎಕ್ಸ್‌ಟೆನ್ಷನ್ನೇ ಬೇಡ. ಪುಟವನ್ನು ಪಿಡಿಎಫ್ ಮಾಡಲು ಪ್ರಿಂಟ್ ಒತ್ತಿದರೆ ಆಯಿತು. ಇಂಗ್ಲಿಷ್ ಪುಟವನ್ನು ಕನ್ನಡಕ್ಕೆ ತರಲು ಕ್ರೋಮ್‌ನಲ್ಲೇ ವ್ಯವಸ್ಥೆ ಇದೆ. ಗ್ರೇಟ್ ಸಸ್ಪೆಂಡರ್ ಮಾಡುತ್ತಿದ್ದ ಕೆಲಸವನ್ನು ಕ್ರೋಮ್‌ನದೇ ಆದ ಮೆಮೊರಿ ಸೇವರ್ ಮಾಡುತ್ತದೆ. ಸೈಟುಗಳನ್ನು ಸುರಕ್ಷಿತ ಸಂಪರ್ಕದಲ್ಲೇ ತೆರೆಸುತ್ತಿದ್ದ ಎಚ್‌ಟಿಟಿಪಿಎಸ್ ಎವ್ರಿವೇರ್ ಎಂಬ ಹೆಸರಾಂತ ಎಕ್ಸ್‌ಟೆನ್ಷನ್ ಅನ್ನು ಅದರ ತಯಾರಕರಾದ, ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಇಎಫ್‌ಎಫ್ ಸಂಸ್ಥೆಯವರೇ ನಿಲ್ಲಿಸಿದರು, ಬ್ರೌಸರ್‌ಗಳೇ ಆ ಕೆಲಸ ಕಲಿತುಕೊಂಡವಲ್ಲ ಎಂದು.

ವೆಬ್‌ಸೈಟ್ ಇಟ್ಟುಕೊಂಡವರಿಗೆ ಎಕ್ಸ್‌ಟೆನ್ಷನ್ ಬೇರೆಯೇ ಕೆಲಸಕ್ಕೆ ಬರುತ್ತದೆ. ತಿಪಟೂರಿನಲ್ಲಿ ಉಂಡೆ ಕೊಬ್ಬರಿ ವ್ಯಾಪಾರದ ಒಂದು ಸೈಟ್ ಎಂದುಕೊಳ್ಳಿ. ಮಾಡಿಕೊಟ್ಟ ಹುಡುಗ ಬೆಂಗಳೂರು ಸೇರಿ ಫೋನ್ ಎತ್ತುತ್ತಿಲ್ಲ. ಇದು ನಮ್ಮೂರುಗಳಲ್ಲಿ ಮಾಮೂಲು. ಸೈಟನ್ನು ಯಾವುದರಲ್ಲಿ ಕಟ್ಟಿದ್ದಾನೆ ಎಂದೇ ಗೊತ್ತಿಲ್ಲ. ವ್ಯಾಪಲೈಸರ್ ಎಂಬ ಎಕ್ಸ್‌ಟೆನ್ಷನ್ ಒತ್ತಿದರೆ ವರ್ಡ್‌ಪ್ರೆಸ್ (ಸೈಟ್ ಕಟ್ಟುವ ಒಂದು ಸಾಫ್ಟ್‌ವೇರ್), ಇಂಥ ಥೀಮ್, ಇಂಥ ಲೈಬ್ರರಿ ಎಂದು ಜಾತಕ ತೆಗೆದಿಡುತ್ತದೆ. ಹೊಸಬನಿಗೆ ಕೆಲಸ ಒಪ್ಪಿಸುವ ಮುಂಚೆ ಇಷ್ಟು ತಿಳಿದಿದ್ದರೆ ಚೌಕಾಸಿಗೂ ಒಂದು ನೆಲೆ.

ಸೈಟ್ ನಿಧಾನ ಎಂಬ ದೂರಿಗೆ, ಪುಟವನ್ನು ಪರೀಕ್ಷಿಸಿ ಅಂಕ ಕೊಡುವ ಲೈಟ್‌ಹೌಸ್ ಇದೆ. ಅದು ಈಗ ಕ್ರೋಮ್‌ನೊಳಗೇ ಸೇರಿದೆ, ಎಫ್12 ಒತ್ತಿದರೆ ಸಿಗುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಓಗೊಡಬೇಕು ಎಂಬುದು ಗೂಗಲ್ ಇಟ್ಟ ಅಳತೆ. ಇಂಥ ಸೈಟುಗಳಲ್ಲಿ ಕಳ್ಳ ಸಿಕ್ಕಿಬೀಳುವುದು ಸಾಮಾನ್ಯವಾಗಿ ಮೊದಲ ಪುಟದ ಫೋಟೋದಲ್ಲಿ: ಮೊಬೈಲಿನಲ್ಲಿ ತೆಗೆದ ಕೊಬ್ಬರಿ ರಾಶಿಯ ಚಿತ್ರ, ಐದಾರು ಎಂಬಿ, ಕುಗ್ಗಿಸದೆ ಹಾಗೇ ಏರಿಸಿದ್ದು. ಅದನ್ನು ವೆಬ್‌ಪಿ ಎಂಬ ಹಗುರ ಚಿತ್ರರೂಪಕ್ಕೆ ಬದಲಿಸಿ ಇನ್ನೂರು ಕೆಬಿಗೆ ಇಳಿಸಿದರೆ ಅರ್ಧ ರೋಗ ವಾಸಿ. ಅಂದಹಾಗೆ, ಈ ಪರೀಕ್ಷೆಯನ್ನು ಇನ್‌ಕಾಗ್ನಿಟೋ ಎಂಬ ಖಾಸಗಿ ಕಿಟಕಿಯಲ್ಲಿ ಮಾಡಿ. ನಿಮ್ಮ ಬ್ರೌಸರ್‌ನ ಎಕ್ಸ್‌ಟೆನ್ಷನ್‌ಗಳೇ ಅಂಕ ತಗ್ಗಿಸಬಹುದು, ಆಮೇಲೆ ಬೈಗುಳ ಹೋಸ್ಟಿಂಗ್‌ನವರಿಗೆ.

ವೇವ್ ಎಂಬುದು ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ವೆಬ್‌ಏಮ್ ತಂಡದ ಎಕ್ಸ್‌ಟೆನ್ಷನ್. ಕಣ್ಣು ಕಾಣದವರು, ಮಂದ ದೃಷ್ಟಿಯವರು ಪುಟ ಬಳಸಬಲ್ಲರೇ ಎಂದು ನೋಡುತ್ತದೆ. ಚಿತ್ರಕ್ಕೆ ವಿವರಣೆ ಇಲ್ಲದಿದ್ದರೆ, ಹಳದಿ ಮೇಲೆ ಬಿಳಿ ಅಕ್ಷರ ಬರೆದಿದ್ದರೆ ಅಲ್ಲೇ ಗುರುತು ಹಾಕುತ್ತದೆ. ಪುಟದ ಭಾಷೆ ಯಾವುದೆಂದು ನಮೂದಿಸದಿದ್ದರೂ ಹೇಳುತ್ತದೆ. ಕನ್ನಡ ಪುಟಕ್ಕೆ ಇಂಗ್ಲಿಷ್ ಎಂದು ನಮೂದಿಸಿಬಿಟ್ಟಿದ್ದರೆ ಮಾತ್ರ ಅದಕ್ಕೆ ಗೊತ್ತಾಗದು, ನಾವೇ ನೋಡಿಕೊಳ್ಳಬೇಕು.

ಸೈಟಿನವರು ಮರೆಯುವ ಇನ್ನೊಂದು ಮುಖವಿದೆ: ಬಂದವರ ಬ್ರೌಸರ್‌ನಲ್ಲೂ ಎಕ್ಸ್‌ಟೆನ್ಷನ್ ಇರುತ್ತದೆ. ಅದೇ ಕೊಬ್ಬರಿ ಸೈಟಿನಲ್ಲಿ ದಿನದ ಧಾರಣೆಯ ಪೆಟ್ಟಿಗೆಗೆ ಕೋಡ್‌ನಲ್ಲಿ ‘ಆ್ಯಡ್-ಬ್ಯಾನರ್’ ಎಂಬ ಹೆಸರು ಇಟ್ಟಿದ್ದರೆ, ಜಾಹೀರಾತು ತಡೆ ಹಾಕಿಕೊಂಡ ಗಿರಾಕಿಗೆ ಧಾರಣೆಯೇ ಕಾಣದು. ಹೆಸರು ನೋಡಿ ಮರೆಮಾಡುವ ಪಟ್ಟಿಗಳ ಮೇಲೆ ಅವು ನಡೆಯುವುದರಿಂದ ಹೀಗಾಗುತ್ತದೆ. ಮಾಲೀಕರಿಗೆ ಕಾಣುತ್ತದೆ, ಅರಸೀಕೆರೆಯ ಗಿರಾಕಿಗೆ ಕಾಣುವುದಿಲ್ಲ, ಫೋನಿನಲ್ಲಿ ಇಬ್ಬರಿಗೂ ಜಗಳ. ‘ರೇಟ್-ಬೋರ್ಡ್’ ಎಂದು ಹೆಸರು ಬದಲಿಸಿದರೆ ಮುಗಿಯಿತು. ಭೇಟಿಗಳ ಲೆಕ್ಕ ಇಡುವ ಅನಲಿಟಿಕ್ಸ್ ಅನ್ನೂ ಇವು ತಡೆಯುವುದರಿಂದ, ಅಲ್ಲಿ ತೋರುವ ಸಂಖ್ಯೆ ನಿಜಕ್ಕಿಂತ ಕಡಿಮೆಯೇ ಇರುತ್ತದೆ. ಇನ್ನು ವರ್ಡ್‌ಪ್ರೆಸ್‌ನ ಅಡ್ಮಿನ್‌ಗೆ ಹೋಗಲು ಕ್ರೋಮ್‌ನಲ್ಲಿ ಬೇರೆಯೇ ಒಂದು ಪ್ರೊಫೈಲ್ ಮಾಡಿಕೊಂಡು, ಅದರಲ್ಲಿ ಪಾಸ್‌ವರ್ಡ್ ಮ್ಯಾನೇಜರ್ ಬಿಟ್ಟು ಏನನ್ನೂ ಹಾಕಬೇಡಿ.

ಮತ್ತೆ ಸೈಬರ್ ಸೆಂಟರ್ ಮಾತಿಗೆ ಬಂದರೆ, ಅಲ್ಲಿಯ ಕಂಪ್ಯೂಟರಿನ ಎಕ್ಸ್‌ಟೆನ್ಷನ್‌ಗಳು ಅಂಗಡಿಯವರವು, ತುಂಬುವ ಆಧಾರ್ ಸಂಖ್ಯೆ ನಿಮ್ಮದು. ಪ್ರೊಫೈಲ್ ಚಿತ್ರ ಒತ್ತಿ ‘ಗೆಸ್ಟ್’ ಕಿಟಕಿ ತೆರೆದುಕೊಡಿ ಎಂದು ಕೇಳಿ; ಅದರಲ್ಲಿ ಎಕ್ಸ್‌ಟೆನ್ಷನ್ ನಡೆಯುವುದಿಲ್ಲ, ಮುಚ್ಚಿದರೆ ಇತಿಹಾಸವೂ ಉಳಿಯುವುದಿಲ್ಲ. ಇನ್‌ಕಾಗ್ನಿಟೋದಲ್ಲಿ ಸಾಮಾನ್ಯವಾಗಿ ನಡೆಯವು, ಆದರೆ ಯಾರಾದರೂ ಮೊದಲೇ ಅನುಮತಿಸಿಟ್ಟಿದ್ದರೆ ನಡೆಯುತ್ತವೆ. ಫೋನಿನಲ್ಲೇ ಎಲ್ಲ ಮಾಡುವವರಿಗೆ ಈ ತಲೆನೋವು ಕಡಿಮೆ: ಆಂಡ್ರಾಯ್ಡ್‌ನ ಕ್ರೋಮ್ ಎಕ್ಸ್‌ಟೆನ್ಷನ್ ಒಪ್ಪುವುದೇ ಇಲ್ಲ. ಫೈರ್‌ಫಾಕ್ಸ್ ಒಪ್ಪುತ್ತದೆ, ಯುಬ್ಲಾಕ್ ಒರಿಜಿನ್ ಅದರಲ್ಲಿ ಚೆನ್ನಾಗಿಯೇ ನಡೆಯುತ್ತದೆ.

ಹುಡುಕಿದ್ದೆಲ್ಲ ಹೆಸರೇ ಕೇಳದ ಸರ್ಚ್ ಎಂಜಿನ್‌ಗೆ ಹೋಗುತ್ತಿದೆ, ಹೊಸ ಟ್ಯಾಬ್ ಬದಲಾಗಿದೆ, ಯಾವ ಸೈಟಿಗೆ ಹೋದರೂ ಒಂದೇ ಥರದ ಜಾಹೀರಾತು ಎಂದರೆ ವೈರಸ್ ಎಂದು ವಿಂಡೋಸ್ ಹೊಡೆದುಹಾಕುವ ಮೊದಲು ಎಕ್ಸ್‌ಟೆನ್ಷನ್‌ಗಳ ಪಟ್ಟಿ ತೆರೆಯಿರಿ. ಎಲ್ಲವನ್ನೂ ಆಫ್ ಮಾಡಿ, ಒಂದೊಂದಾಗಿ ಆನ್ ಮಾಡುತ್ತಾ ಬಂದರೆ ಯಾವುದೆಂದು ತಿಳಿಯುತ್ತದೆ. ಸಿಕ್ಕಿದ್ದನ್ನು ರಿಮೂವ್ ಮಾಡಿದರೆ ಅದು ಬ್ರೌಸರ್‌ನಿಂದ ಹೋಗುತ್ತದೆ. ಅಷ್ಟರಲ್ಲಿ ಅದು ತನ್ನ ಸರ್ವರ್‌ಗೆ ಕಳಿಸಿದ್ದು ಹೋಗುವುದಿಲ್ಲ. ಅದಕ್ಕೇ ತೆಗೆದ ಮೇಲೆ ಜಿಮೇಲ್, ಫೇಸ್‌ಬುಕ್‌ನಂಥ ಮುಖ್ಯ ಖಾತೆಗಳಲ್ಲಿ ಎಲ್ಲ ಡಿವೈಸ್‌ಗಳಿಂದ ಲಾಗ್‌ಔಟ್ ಕೊಟ್ಟು, ಪಾಸ್‌ವರ್ಡ್ ಬದಲಿಸಿ. ಪಾಸ್‌ವರ್ಡ್ ಮಾತ್ರ ಬದಲಿಸಿ ಲಾಗ್‌ಔಟ್ ಮಾಡದೆ ಬಿಟ್ಟರೆ, ಕದ್ದ ಕುಕೀ ಎಷ್ಟೋ ಸೈಟುಗಳಲ್ಲಿ ಇನ್ನೂ ಬದುಕಿರಬಹುದು.