ಫ್ರೀ ರ‍್ಯಾಡಿಕಲ್‌ಗಳನ್ನು ಪೂರ್ತಿ ಓಡಿಸಬೇಡಿ

ಶಿರಸಿ, ಕುಮಟಾ ಕಡೆ ಮುರುಗಲು ಜ್ಯೂಸ್ ಮಾರುವವರಲ್ಲಿ ಕೆಲವರು ಈಗ ಹೊಸ ಮಾತೊಂದು ಹೇಳ್ತಾರೆ: ಇದರಲ್ಲಿ ಆಂಟಿಆಕ್ಸಿಡೆಂಟ್ ಇದೆ, ಕುಡಿದರೆ ಬೇಗ ವಯಸ್ಸಾಗಲ್ಲ. ಮೊದಲ ಅರ್ಧ ನಿಜ. ಮುರುಗಲು ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಪ್ರಯೋಗಾಲಯದಲ್ಲಿ ಫ್ರೀ ರ‍್ಯಾಡಿಕಲ್‌ಗಳನ್ನು (ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ, ಪಕ್ಕದ ಅಣುಗಳ ಮೇಲೆ ಎರಗುವ ಅಣುಗಳನ್ನು) ಚೆನ್ನಾಗಿಯೇ ತಟಸ್ಥ ಮಾಡುತ್ತದೆ; ಹಾಗೆ ಮಾಡುವ ವಸ್ತುವೇ ಆಂಟಿಆಕ್ಸಿಡೆಂಟ್. ಉಳಿದರ್ಧವನ್ನು ಮಾತ್ರ ನಾನು ಒಪ್ಪುವುದಿಲ್ಲ.

ಫ್ರೀ ರ‍್ಯಾಡಿಕಲ್ ಹೊರಗಿನಿಂದ ಬಂದ ವಿಷವೇನಲ್ಲ. ನಾವು ಉಂಡ ಅನ್ನದಿಂದ ಸಿಕ್ಕ ಎಲೆಕ್ಟ್ರಾನುಗಳನ್ನು ಜೀವಕೋಶದೊಳಗಿನ ಮೈಟೋಕಾಂಡ್ರಿಯಾಗಳು ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟಿಸುತ್ತಾ ಕೊನೆಗೆ ಆಮ್ಲಜನಕಕ್ಕೆ ಒಪ್ಪಿಸುತ್ತವೆ, ಅದು ನೀರಾಗುತ್ತದೆ, ಈ ದಾರಿಯಲ್ಲಿ ಸಿಗುವ ಶಕ್ತಿಯಿಂದಲೇ ನಮ್ಮ ದೇಹ ನಡೆಯುವುದು. ಕೆಲವು ಎಲೆಕ್ಟ್ರಾನುಗಳು ಮಧ್ಯದಲ್ಲೇ ಸೋರಿ ಆಮ್ಲಜನಕವನ್ನು ಸೇರಿಬಿಡುತ್ತವೆ. ಆಗ ಹುಟ್ಟುವುದು ಸೂಪರಾಕ್ಸೈಡ್ ಎಂಬ ಫ್ರೀ ರ‍್ಯಾಡಿಕಲ್. ಮೈಟೋಕಾಂಡ್ರಿಯಾದ ಸ್ವಂತ ಡಿಎನ್‌ಎ, ಬರೀ 37 ಜೀನ್‌ಗಳದ್ದು, ಆ ಸೋರಿಕೆಯ ಪಕ್ಕದಲ್ಲೇ ಇದೆ, ಹಾಗಾಗಿ ಅದಕ್ಕೆ ಹಾನಿಯಾಗಬಹುದು.

ಈ ಹಾನಿ ಸೇರುತ್ತಾ ಹೋಗುವುದೇ ಮುಪ್ಪು ಎಂದು 1956ರಲ್ಲಿ ಅಮೆರಿಕದ ವಿಜ್ಞಾನಿ ಡೆನ್ಹಮ್ ಹಾರ್ಮನ್ ಹೇಳಿದರು. 1972ರಲ್ಲಿ ಮೈಟೋಕಾಂಡ್ರಿಯಾವನ್ನೇ ಅದರ ಕೇಂದ್ರಕ್ಕೆ ತಂದರು. ವಾದ ಚೆಂದವಾಗಿತ್ತು. ಹಾಗಾದರೆ ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಿದರಾಯಿತು, ಅಲ್ವಾ? ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕ್ಯಾರೊಟಿನ್ ಎಂಬ ಆಂಟಿಆಕ್ಸಿಡೆಂಟಿನ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಿರಲಿಲ್ಲ, ಶೇ. 18ರಷ್ಟು ಹೆಚ್ಚಾಗಿತ್ತು! ಮಾತ್ರೆ ಮಾರುವವರು ಈ ವಿಷಯ ಎತ್ತುವುದೇ ಇಲ್ಲ ಎನ್ನುವುದು ನನಗೆ ಬೇಸರದ ಸಂಗತಿ.

ಕಾರವಾರದ ಕಡಲತೀರದಲ್ಲಿ ಏಂಡಿ ಬಲೆ ಎಳೆಯುವುದನ್ನು ಒಮ್ಮೆ ನಿಂತು ನೋಡಿ. ಸಾಲಾಗಿ ಹಗ್ಗ ಹಿಡಿದು, ಹಿಮ್ಮಡಿಯನ್ನು ಮರಳಿಗೆ ಊರಿ, ಮೈಯೆಲ್ಲ ಹಿಂದಕ್ಕೆ ವಾಲಿಸಿ ಎಳೆಯುತ್ತಾರೆ. ಆ ಹೊತ್ತಿಗೆ ಅವರ ಸ್ನಾಯುಗಳಲ್ಲಿ ಫ್ರೀ ರ‍್ಯಾಡಿಕಲ್ ಜಾಸ್ತಿಯಾಗುತ್ತದೆ. ಆದರೆ ಸ್ನಾಯು ಅದನ್ನು ಸೂಚನೆಯಾಗಿಯೂ ಬಳಸುತ್ತದೆ: ರಕ್ಷಣೆಯ ಕಿಣ್ವ ಹೆಚ್ಚಬೇಕು, ಹೊಸ ಮೈಟೋಕಾಂಡ್ರಿಯಾ ಬೇಕು. ಜರ್ಮನಿಯಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಾಲ್ಕು ವಾರ ವ್ಯಾಯಾಮ ಮಾಡಿದ ಯುವಕರಿಗೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು. ಜೊತೆಗೆ ದಿನಾ ಆಂಟಿಆಕ್ಸಿಡೆಂಟ್‌ಗಳಾದ ವಿಟಮಿನ್ ಸಿ, ಇ ಮಾತ್ರೆಗಳನ್ನು ನುಂಗಿದವರಿಗೆ ಆ ಲಾಭ ಸಿಗಲಿಲ್ಲ. ಸೂಚನೆ ಮುಟ್ಟುವ ಮೊದಲೇ ಮಾತ್ರೆ ಅದನ್ನು ಅಳಿಸಿಹಾಕಿತ್ತು ಎಂಬುದು ಆ ವಿಜ್ಞಾನಿಗಳ ವಿವರಣೆ.

ಹಾಗಾದರೆ ಮೈಟೋಕಾಂಡ್ರಿಯಾಕ್ಕೂ ಮುಪ್ಪಿಗೂ ಸಂಬಂಧವೇ ಇಲ್ಲವಾ? ಇದೆ, ಗಟ್ಟಿಯಾಗಿಯೇ ಇದೆ. 2004ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಒಂದು ಬಗೆಯ ಇಲಿಗಳನ್ನು ತಯಾರು ಮಾಡಿದರು. ಅವುಗಳ ಮೈಟೋಕಾಂಡ್ರಿಯಾದ ಡಿಎನ್‌ಎ ನಕಲು ಮಾಡುವ ಕಿಣ್ವಕ್ಕೆ ತಪ್ಪು ತಿದ್ದುವ ಶಕ್ತಿ ಇರಲಿಲ್ಲ. ಸುಮಾರು 25 ವಾರಕ್ಕೇ ಕೂದಲು ಉದುರಿ, ಬೆನ್ನು ಬಾಗಿ, ಮೂಳೆ ಸವೆದು ಅವು ಮುದಿಯಾದವು. ಆದರೆ ಅವುಗಳಲ್ಲಿ ಫ್ರೀ ರ‍್ಯಾಡಿಕಲ್ ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ. ಅಲ್ಲಿ ಮುಪ್ಪು ತಂದದ್ದು ನಕಲು ಮಾಡುವಾಗಿನ ತಪ್ಪು. ಅಂಥ ತಪ್ಪನ್ನು ಯಾವ ಆಂಟಿಆಕ್ಸಿಡೆಂಟೂ ತಿದ್ದುವುದಿಲ್ಲ.