ಮೂರು ಉಬ್ಬು ಕಂಡರೆ ತಾಳ ಸಿಕ್ಕಿತು ಅಂತಲ್ಲ

ಪ್ರಾಜೆಕ್ಟ್‌ಗೆ ಬರುವ ಹುಡುಗರಲ್ಲಿ ಪ್ರತಿ ವರ್ಷ ಒಬ್ಬರಾದರೂ ಲ್ಯಾಪ್‌ಟಾಪ್ ಹಿಡಿದು ಓಡಿ ಬರುತ್ತಾರೆ. “ಸರ್, ಈ ಗೆಲಾಕ್ಸಿಯ ಎಕ್ಸ್-ರೇ ಎರಡೂವರೆ ಗಂಟೆಗೊಮ್ಮೆ ಏರಿ ಇಳಿಯುತ್ತಿದೆ!” ಗ್ರಾಫ್ ನೋಡಿದರೆ ಮೂರು ಉಬ್ಬು. ಅವರ ಮುಖದ ಖುಷಿ ನೋಡಿ ‘ಇಲ್ಲಪ್ಪ’ ಅನ್ನಲು ಸಂಕಟವಾಗುತ್ತದೆ.

ಇಂಥ ಗೆಲಾಕ್ಸಿಯ ನಡುವಿನ ಕಪ್ಪುಕುಳಿಯ ಹತ್ತಿರದಿಂದ ಬರುವ ಎಕ್ಸ್-ರೇ ಕಡಿಮೆ ಹೊತ್ತಿನಲ್ಲಿ ಸ್ವಲ್ಪ ಬದಲಾಗುತ್ತದೆ, ಹೆಚ್ಚು ಹೊತ್ತಿನಲ್ಲಿ ಜಾಸ್ತಿ. ಇದನ್ನು ರೆಡ್ ನಾಯ್ಸ್ ಅನ್ನುತ್ತೇವೆ. ಈ ಗಳಿಗೆಯ ಬೆಳಕು ಹಿಂದಿನ ಗಳಿಗೆಯದಕ್ಕೆ ಅಂಟಿಕೊಂಡಿರುತ್ತದೆ. ಹಾಗಾಗಿ ತಾಳವೇ, ಅಂದರೆ ಇಂತಿಷ್ಟು ಹೊತ್ತಿಗೊಮ್ಮೆ ಬರುವ ಏರಿಳಿತವೇ, ಇಲ್ಲದಿದ್ದರೂ ನುಣುಪಾದ ದೊಡ್ಡ ಉಬ್ಬುಗಳು ಏಳುತ್ತವೆ.

ನಂಬಿಕೆ ಬರದಿದ್ದರೆ ನಾಣ್ಯ ಚಿಮ್ಮಿ. ಹೆಡ್ಸ್ ಬಿದ್ದರೆ ಒಂದು ಮನೆ ಮೇಲೆ, ಟೇಲ್ಸ್ ಬಿದ್ದರೆ ಒಂದು ಮನೆ ಕೆಳಗೆ. 300 ಸಲ ಚಿಮ್ಮಿ ಗೆರೆ ಎಳೆಯಿರಿ. ಬೆಟ್ಟ, ಕಣಿವೆ ಎಲ್ಲ ಕಾಣುತ್ತವೆ. ನಾಣ್ಯದೊಳಗೆ ಗಡಿಯಾರ ಇಲ್ಲ ಅಲ್ವಾ?

“ಸಾಫ್ಟ್‌ವೇರ್ 99.9% ಖಚಿತ ಅನ್ನುತ್ತಿದೆ ಸರ್” ಅನ್ನುತ್ತಾರೆ. ಯಾವುದಕ್ಕೆ ಹೋಲಿಸಿ? ಒಂದು ಬಿಂದುವಿಗೂ ಮುಂದಿನದಕ್ಕೂ ಸಂಬಂಧವೇ ಇಲ್ಲದ ಗದ್ದಲಕ್ಕೆ ಹೋಲಿಸಿ. ಅಂಥ ಗದ್ದಲ ಇಲ್ಲಿಲ್ಲ. ರೆಡ್ ನಾಯ್ಸ್‌ಗೆ ಹೋಲಿಸಿ ಲೆಕ್ಕ ಹಾಕಿದರೆ ಆ ಖಚಿತತೆ ಬಹಳ ಸಲ ಕರಗಿಹೋಗುತ್ತದೆ.

ಕಳೆದ ವರ್ಷ ಒಬ್ಬ ಹುಡುಗಿ ಪಟ್ಟು ಬಿಡಲಿಲ್ಲ. ಕಂಪ್ಯೂಟರ್‌ನಲ್ಲಿ ತಾಳವಿಲ್ಲದ, ಬರೀ ರೆಡ್ ನಾಯ್ಸ್‌ನ 20 ನಕಲಿ ಗ್ರಾಫ್ ಮಾಡಿಸಿದೆ. ನಿಜವಾದದ್ದನ್ನೂ ಸೇರಿಸಿ, “ಇದರಲ್ಲಿ ತಾಳ ಇರುವುದು ಯಾವುದು?” ಅಂತ ಅವಳ ರೂಮ್‌ಮೇಟ್‌ಗಳನ್ನು ಕೇಳಲು ಹೇಳಿದೆ. ಮೂವರೂ ಬೇರೆ ಬೇರೆಯದನ್ನು ಆರಿಸಿದರು. ಮೂರೂ ನಕಲಿ!

ಹಾಗಂತ ತಾಳ ಸಿಗುವುದೇ ಇಲ್ಲ ಅಂತಲ್ಲ. ಆರ್‌ಇ ಜೆ1034+396 ಅನ್ನುವ ಗೆಲಾಕ್ಸಿಯನ್ನು ಎಕ್ಸ್‌ಎಂಎಂ-ನ್ಯೂಟನ್ ಉಪಗ್ರಹ 2007ರಲ್ಲಿ ನೋಡಿದಾಗ, ಸುಮಾರು ಒಂದು ಗಂಟೆಯ ಏರಿಳಿತ ಸಾಲಾಗಿ ಸುಮಾರು 16 ಸುತ್ತು ಕಂಡಿತು. 2018ರಲ್ಲಿ ಮತ್ತೆ ಕಂಡಿತು. ಅದಕ್ಕೇ ಅದನ್ನು ನಂಬುತ್ತೇವೆ.

ಕೆಲವೊಮ್ಮೆ ತಾಳ ನಿಜ, ಆದರೆ ಪಕ್ಕದ ಮನೆಯದು. ಎನ್‌ಜಿಸಿ 6814 ಗೆಲಾಕ್ಸಿಯಲ್ಲಿ ಸುಮಾರು 12,000 ಸೆಕೆಂಡಿನ ಆವರ್ತನೆ ಇದೆ ಅಂತ ವರ್ಷಗಟ್ಟಲೆ ಚರ್ಚೆ ನಡೆದಿತ್ತು. 1993ರಲ್ಲಿ ರೋಸ್ಯಾಟ್ ಉಪಗ್ರಹದ ಚಿತ್ರಗಳು ಬಂದಾಗ ಗೊತ್ತಾಯಿತು, ಅದು ಅದೇ ದಿಕ್ಕಿನಲ್ಲಿರುವ ನಮ್ಮದೇ ಹಾಲುಹಾದಿಯ ಒಂದು ಜೋಡಿ ನಕ್ಷತ್ರದ್ದು. ಆಗಿನ ದಿನಗಳಲ್ಲಿ ಎಷ್ಟು ಜನ ಎಷ್ಟು ರಾತ್ರಿ ಅದರ ಹಿಂದೆ ಬಿದ್ದಿದ್ದರೋ!

ಆ ಹುಡುಗಿಯ ಗೆಲಾಕ್ಸಿಯಲ್ಲಿ ಏನೂ ಇಲ್ಲ ಅಂತ ನಾನೂ ಖಡಾಖಂಡಿತ ಹೇಳಲಾರೆ. ಮತ್ತೆ ನೋಡಲು ಅರ್ಜಿ ಹಾಕಿದ್ದೇವೆ. ನಡುವೆ ಬಿಡುವಿಲ್ಲದೆ 30 ಗಂಟೆ ಕೇಳಿದ್ದೇವೆ. ಅವಳ ಎರಡೂವರೆ ಗಂಟೆಯ ಲೆಕ್ಕ ನಿಜವಾಗಿದ್ದರೆ 12 ಸುತ್ತು ಕಾಣಬೇಕು.