ಮಿದುಳಿನ ಆಕ್ಸಿಟೋಸಿನ್ ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆಯೇ?

ಪ್ರಶ್ನೆ: ‘ಪ್ರೀತಿಯ ಹಾರ್ಮೋನ್’ ಎನ್ನುವ ಆಕ್ಸಿಟೋಸಿನ್ ನನ್ನ ಮಿದುಳಿನಲ್ಲಿ ಎಷ್ಟಿದೆ ಎಂದು ರಕ್ತ ಪರೀಕ್ಷೆ ಮಾಡಿಸಿ ತಿಳಿಯಬಹುದೇ?

ಉತ್ತರ: ಆಗುವುದಿಲ್ಲ. ಹೆರಿಗೆ ನೋವು ಬರಿಸಲು ಕೊಡುವ ಇಂಜೆಕ್ಷನ್ನಿನಲ್ಲಿರುವುದೂ ಇದೇ ಆಕ್ಸಿಟೋಸಿನ್. ಬರೀ ಒಂಬತ್ತು ಅಮೈನೋ ಆಮ್ಲಗಳ ಪುಟ್ಟ ಸರಪಳಿ, ಅಂದರೆ ಪೆಪ್ಟೈಡ್. ಅದು ತಯಾರಾಗುವುದು ಮುಖ್ಯವಾಗಿ ಮಿದುಳಿನ ತಳದ ಹೈಪೊಥಲಾಮಸ್‌ನಲ್ಲಿ. ಒಂದು ಪಾಲು ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ರಕ್ತಕ್ಕೆ ಇಳಿಯುತ್ತದೆ, ಇನ್ನೊಂದು ಪಾಲು ಮಿದುಳಿನೊಳಗೇ ಬಿಡುಗಡೆಯಾಗುತ್ತದೆ. ಇವೆರಡೂ ಯಾವಾಗಲೂ ಜೊತೆಜೊತೆಗೆ ಏರಿಳಿಯುವುದಿಲ್ಲ. ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆಯನ್ನು ದಾಟಿ ಹೋಗುವುದೂ ತೀರಾ ಕಡಿಮೆ.

ವಿಜ್ಞಾನಿಗಳು ಮಿದುಳಿನ ಆಕ್ಸಿಟೋಸಿನ್ ಅಳೆಯುವುದು ಹೆಚ್ಚಾಗಿ ಇಲಿ, ಕುರಿಗಳಲ್ಲಿ. ಹಳೆಯ ವಿಧಾನದಲ್ಲಿ ಮಿದುಳಿನ ಚೂರನ್ನು ಆಮ್ಲದಲ್ಲಿ ಅರೆದು ಪೆಪ್ಟೈಡ್ ತೆಗೆಯುತ್ತಾರೆ. ಪ್ರಾಣಿ ಸತ್ತ ಕೂಡಲೇ ಕಿಣ್ವಗಳು ಪೆಪ್ಟೈಡನ್ನು ಕತ್ತರಿಸತೊಡಗುವುದರಿಂದ ಅಂಗಾಂಶವನ್ನು ತಡಮಾಡದೆ ಹೆಪ್ಪುಗಟ್ಟಿಸಬೇಕು. ಅಳತೆಗೆ ರೇಡಿಯೋಇಮ್ಯುನೊಅಸ್ಸೇ ಬಳಸುತ್ತಾರೆ: ವಿಕಿರಣಶೀಲ ಗುರುತು ಹಾಕಿದ ಹಾರ್ಮೋನೂ ಮಾದರಿಯಲ್ಲಿರುವ ಹಾರ್ಮೋನೂ ಒಂದೇ ಆ್ಯಂಟಿಬಾಡಿಗಾಗಿ ಪೈಪೋಟಿ ನಡೆಸುತ್ತವೆ; ಗುರುತಿನದು ಕಡಿಮೆ ಅಂಟಿದಷ್ಟೂ ಮಾದರಿಯಲ್ಲಿ ಹಾರ್ಮೋನ್ ಹೆಚ್ಚು ಎಂದರ್ಥ. ಇನ್ಸುಲಿನ್ ಅಳೆಯಲು ಇದನ್ನು ಸಾಲಮನ್ ಬರ್ಸನ್ ಜೊತೆ ರೂಪಿಸಿದ ರೋಸಲಿನ್ ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು. ಅದೇ ಪ್ರಶಸ್ತಿಯ ಉಳಿದರ್ಧ ಪಡೆದ ಗಿಲ್ಮಾ ಮತ್ತು ಶಾಲಿ, ಮೂರೇ ಅಮೈನೋ ಆಮ್ಲಗಳ ಟಿಆರ್‌ಎಚ್ ಎಂಬ ಇನ್ನೊಂದು ಮಿದುಳಿನ ಹಾರ್ಮೋನಿಗಾಗಿ ಕುರಿ, ಹಂದಿಗಳ ಹೈಪೊಥಲಾಮಸ್‌ಗಳನ್ನು ಲಕ್ಷಗಟ್ಟಲೆ ಜಾಲಾಡಿದ್ದರು. ಈ ಪೆಪ್ಟೈಡ್‌ಗಳು ಅಷ್ಟು ಅಲ್ಪ!

ಆದರೆ ಚೂರಿನಲ್ಲಿ ಸಿಗುವ ಸಂಖ್ಯೆ ದಾಸ್ತಾನಿನದು. ಕಣಜ ತುಂಬಿದೆ ಎಂದ ಮಾತ್ರಕ್ಕೆ ಮನೆಯವರು ಉಂಡಿದ್ದಾರೆ ಎಂದಲ್ಲ. ಹಾರ್ಮೋನ್ ಬಿಡುಗಡೆಯಾಗದೆ ಉಳಿದಿದ್ದರೂ ಅಳತೆ ಹೆಚ್ಚೇ ಬರುತ್ತದೆ. ಬಿಡುಗಡೆಯನ್ನು ಹಿಡಿಯಲು ಮೈಕ್ರೊಡಯಾಲಿಸಿಸ್ ಇದೆ. ಬದುಕಿರುವ ಪ್ರಾಣಿಯ ಮಿದುಳಿಗೆ ಸೂಕ್ಷ್ಮ ಪೊರೆಯ ನಳಿಕೆ ಇಳಿಸಿ, ದ್ರವ ಹರಿಸಿ ಸಂಗ್ರಹಿಸುತ್ತಾರೆ. ಸಾಕಷ್ಟು ಪೆಪ್ಟೈಡ್ ಸೇರಲು ಹಲವು ನಿಮಿಷ ಕಾಯಬೇಕಾದ್ದರಿಂದ ಕ್ಷಣಿಕ ಏರಿಳಿತ ಕಾಣುವುದಿಲ್ಲ. ಈಚೆಗೆ ಬಂದಿರುವ, ಆಕ್ಸಿಟೋಸಿನ್ ತಗುಲಿದರೆ ಹೊಳೆಯುವ ಪ್ರೋಟೀನ್ ಸೆನ್ಸರುಗಳು ಈ ಕೊರತೆಯನ್ನು ತುಂಬುತ್ತಿವೆ.

ರಕ್ತದ ಅಳತೆಯನ್ನಾದರೂ ಕಣ್ಣುಮುಚ್ಚಿ ನಂಬಬಹುದೇ? ನನ್ನ ಮಟ್ಟಿಗೆ ಇಲ್ಲ. ಮಾದರಿಯನ್ನು ಶುದ್ಧೀಕರಿಸದೆ ನೇರವಾಗಿ ಎಲೈಸಾ ಕಿಟ್‌ಗೆ (ಆ್ಯಂಟಿಬಾಡಿ ಬಳಸಿ ಅಳೆಯುವ ಸಿದ್ಧ ಪರೀಕ್ಷೆಗೆ) ಹಾಕಿದರೆ, ಶುದ್ಧೀಕರಿಸಿ ಅಳೆದದ್ದಕ್ಕಿಂತ ಹತ್ತಾರು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚಿನ ಅಂಕಿ ಬರುತ್ತದೆ. ಕಿಟ್ ಬೇರೇನನ್ನೋ ಹಿಡಿಯುತ್ತಿರಬಹುದು. ಹಾಗಾಗಿ ಒಂದು ಸಂಶೋಧನೆಯ ಅಂಕಿಯನ್ನು ಇನ್ನೊಂದರ ಪಕ್ಕ ಇಡುವ ಮೊದಲು ವಿಧಾನ ಯಾವುದೆಂದು ನೋಡಬೇಕು.

ಮನುಷ್ಯರಲ್ಲಿ ಮಿದುಳಿಗೆ ಹತ್ತಿರವಾದದ್ದು ಮಿದುಳು, ಬೆನ್ನುಹುರಿಗಳ ಸುತ್ತ ಇರುವ, ಬೆನ್ನಿನಿಂದ ತೆಗೆಯುವ ದ್ರವ. ಅದೂ ಮಿದುಳಿನ ಯಾವ ಭಾಗದಲ್ಲಿ ಎಷ್ಟು ಎಂದು ಹೇಳುವುದಿಲ್ಲ. ಬರೀ ಕುತೂಹಲಕ್ಕೆ ಯಾವ ವೈದ್ಯರೂ ಅಲ್ಲಿ ಸೂಜಿ ಚುಚ್ಚುವುದೂ ಇಲ್ಲ.